ಬೋಣಿಗೆಯ ಬಿಲ್ಲೆ

ನಾನು ಹೊಟ್ಟೆಕಿಚ್ಚಿನ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಸುಳ್ಳಾಗುತ್ತದೆ. ಹಾಗಂತ ಎಲ್ಲರನ್ನೂ ಕಂಡು ಉರಿಯುವವನಲ್ಲ. ಆಸ್ಪತ್ರೆಯಲ್ಲಿ ನನ್ನ ಜೊತೆ ಎಕ್ಸ್-ರೇ ತೆಗೆಯುತ್ತಿದ್ದವರು ನನಗಿಂತ ಮೇಲೇರಿದರು, ಕಡಲು ಕಾಣುವ ಮನೆ ಕೊಂಡರು. ನನಗೇನೂ ಅನ್ನಿಸಲಿಲ್ಲ. ನನ್ನ ಹೊಟ್ಟೆಕಿಚ್ಚೆಲ್ಲ ಒಬ್ಬರಿಗೇ ಮೀಸಲಾಗಿತ್ತು, ಅದೂ ಈ ದೇಶದಲ್ಲಿ ನನಗಿದ್ದ ಏಕೈಕ ಗೆಳೆಯರಿಗೆ.

ಅವರು ರಾಣೆಬೆನ್ನೂರಿನವರು, ನಾನು ಗದಗಿನವನು. ವೆಲ್ಲಿಂಗ್ಟನ್ನಿನ ಅಂಚಿನ ಜಾನ್ಸನ್‌ವಿಲ್‌ನ ರೈಲು ನಿಲ್ದಾಣದಿಂದ ಸ್ವಲ್ಪ ಏರಿ ಹೋದರೆ ಅವರ ಡೈರಿ. ಡೈರಿ ಎಂದರೆ ಎಮ್ಮೆ ಹುಡುಕಬೇಡಿ. ಬ್ರೆಡ್ಡು, ಹಾಲು, ಪೇಪರು, ಐಸ್‌ಕ್ರೀಮು ಮಾರುವ ಮೂಲೆ ಅಂಗಡಿಗೆ ಇಲ್ಲಿ ಹಾಗನ್ನುತ್ತಾರೆ. ಊರ ಕಡೆಯ ರೂಢಿಯಂತೆ ನಾನು ಅವರನ್ನು ‘ಸಾಹೇಬ್ರ’ ಎನ್ನುತ್ತಿದ್ದೆ, ಅವರು ನನ್ನನ್ನು ‘ಅಣ್ಣಾರ’ ಎನ್ನುತ್ತಿದ್ದರು. ವಯಸ್ಸಿನಲ್ಲಿ ಅವರೇ ದೊಡ್ಡವರು.

ವೆಲ್ಲಿಂಗ್ಟನ್ನಿನ ಕನ್ನಡದವರಲ್ಲೆಲ್ಲ ಸಾಹೇಬರ ಕೈಗುಣದ್ದೇ ಮಾತು. ಹೊಸ ಕಾರು ಕೊಂಡವರು ಮೊದಲು ಅವರ ಕೈಗೆ ಕೀಲಿ ಕೊಡುತ್ತಿದ್ದರು. ಟಿಫಿನ್ ಮಾರಲು ತೊಡಗಿದ ಹಾಸನದ ನರ್ಸಮ್ಮ ಮೊದಲ ಡಬ್ಬಿಯನ್ನು ಅವರಿಗೇ ಮಾರಿ ಬೋಣಿಗೆ ಮಾಡಿಸಿಕೊಂಡಳು. ಆರೇ ತಿಂಗಳಲ್ಲಿ ಆಸ್ಪತ್ರೆಯ ಕೆಲಸ ಬಿಟ್ಟು ಒಲೆಯ ಮುಂದೆ ನಿಂತಳು, ಅಷ್ಟು ಗಿರಾಕಿ. ನಾನು ಬಿತ್ತಿದ ಮೆಂತ್ಯ ಇಲ್ಲಿಯ ಹಾಳು ಗಾಳಿಗೆ ನೆಲಕಚ್ಚಿತು. ಅದೇ ಪೊಟ್ಟಣದ ಉಳಿದ ಬೀಜ ಅವರ ಹಿತ್ತಿಲಲ್ಲಿ ಮೊಣಕಾಲೆತ್ತರ ಬೆಳೆಯಿತು. ನನ್ನ ಹೆಂಡತಿ ಅದೇ ಸೊಪ್ಪನ್ನು ತಂದು ಪಲ್ಯ ಮಾಡಿ, ‘ಕೈ ಅಂದ್ರ ಅವರದು’ ಎಂದು ನನ್ನ ತಾಟಿಗೇ ಬಡಿಸಿದಳು.

ಅವರ ಕೈ ಬೀಳದ ಒಂದೇ ಒಂದು ಸಂಗತಿ ನನ್ನ ಹತ್ತಿರ ಇತ್ತು. ಅದು ನನ್ನ ಮೆಟಲ್ ಡಿಟೆಕ್ಟರ್. ಎರಡು ಸಾವಿರದ ದಶಕದ ನಡುವಿನ ಮಾತು ಇದು. ಜಾನ್ಸನ್‌ವಿಲ್‌ನಿಂದಾಚೆ ಗುಡ್ಡಗಳ ನಡುವೆ ಬ್ರಿಟಿಷ್ ಸಿಪಾಯಿಗಳು ಕಡಿದ ಹಳೆಯ ದಾರಿಯೊಂದು ಹಾದುಹೋಗುತ್ತಿತ್ತು. ದಾರಿ ಎಂದೋ ಅಳಿಸಿ ಅದರ ಮೇಲೆ ಕಾಡು ಬೆಳೆದಿತ್ತು. ಸರಕಾರಿ ಕಾಡಿನಲ್ಲಿ ಯಂತ್ರ ಹಿಡಿದು ಅಗೆಯಲು ಬಿಡುವುದಿಲ್ಲ. ಆದರೆ ಈ ತುಂಡು ಕಾಡು ಒಬ್ಬ ಮುದುಕಿಯ ಕುರಿ ಫಾರ್ಮಿಗೆ ಸೇರಿತ್ತು, ಆಕೆ ಹೂಂ ಅಂದಿದ್ದಳು. ಎರಡು ವರ್ಷ ಪ್ರತಿ ಭಾನುವಾರ, ಸೆಕೆಂಡ್‌ಹ್ಯಾಂಡ್ ಯಂತ್ರ ಹಿಡಿದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅಂಗುಲ ಅಂಗುಲ ನೆಲ ಗುಡಿಸಿದೆ. ಸಿಕ್ಕಿದ್ದು ಬೂಟಿನ ಮೊಳೆ, ಬಿಯರ್ ಡಬ್ಬಿಯ ಕಿವಿ, ಒಂದು ಕುದುರೆ ಲಾಳ, ಒಂದು ಷಿಲ್ಲಿಂಗು.

ನಾನು ಹುಡುಕುತ್ತಿದ್ದುದು ಅದನ್ನಲ್ಲ. ನನಗೆ ಬೇಕಾದದ್ದು ಕಂಪನಿ ಸರಕಾರದ ತಾಮ್ರದ ಕಾಲಾಣೆ. ಆ ದಾರಿ ಕಡಿದ ಸಿಪಾಯಿಗಳಲ್ಲಿ ಒಬ್ಬನಾದರೂ ಇಂಡಿಯಾ ಕಂಡು ಬಂದವನಿರಬೇಕು, ಅವನ ಜೇಬಿಗೆ ಒಂದು ತೂತಾದರೂ ಇರಬೇಕು ಎಂಬುದು ನನ್ನ ಲೆಕ್ಕ. ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಆಗ ಹನ್ನೊಂದು ವರ್ಷ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ನಾವು ನಿನ್ನೆ ಮೊನ್ನೆ ವಿಮಾನದಲ್ಲಿ ಬಂದವರು ಎಂದು ಶಾಲೆಯಲ್ಲಿ ಯಾರೋ ಅವಳಿಗೆ ಅಂದಿದ್ದರು. ‘ನೋಡು, ನಮ್ಮ ಊರ ಸಂತೆಯಲ್ಲಿ ಓಡಾಡಿದ ದುಡ್ಡು ನಿನ್ನ ಟೀಚರಿನ ಮುತ್ತಜ್ಜನಿಗಿಂತ ಮೊದಲು ಈ ಮಣ್ಣಿಗೆ ಬಂದಿದೆ’ ಎಂದು ಅವಳ ಅಂಗೈಯಲ್ಲಿ ಅದನ್ನು ಇಡಬೇಕು. ಅದನ್ನು ನಾನೇ ಹುಡುಕಿರಬೇಕು. ಇಷ್ಟೇ ನನ್ನ ಆಸೆ.

ಕೊನೆಗೆ ಹೆಂಡತಿಯ ಬೈಗುಳ ತಿಂದು ಹೊಸ ಯಂತ್ರ ತರಿಸಿದೆ. ತರಿಸಿದವನು ಸುಮ್ಮನೆ ಕಾಡಿಗೆ ಹೋಗಬೇಕಿತ್ತೋ ಬೇಡವೋ? ನನ್ನೊಳಗಿನ ಗದಗಿನವನು ಬಿಡಬೇಕಲ್ಲ. ಹೊಸ ಯಂತ್ರ, ಕೈಗುಣದವರಿಂದ ಬೋಣಿಗೆ ಆಗದಿದ್ದರೆ ಹೇಗೆ? ಹೊಟ್ಟೆಯಲ್ಲಿ ಉರಿ ಇಟ್ಟುಕೊಂಡೇ ಡೈರಿಗೆ ಹೋಗಿ, ‘ಸಾಹೇಬ್ರ, ಹೊಸಾ ಮಷಿನ್ ಬಂದೈತಿ. ಒಂದೀಟು ನಿಮ್ಮ ಕೈ ಹಚ್ಚಿ ಕೊಡ್ರಿ’ ಅಂದೆ.

ಅವರು ಭಾನುವಾರ ಹೆಂಡತಿಯನ್ನು ಗಲ್ಲೆಯ ಮೇಲೆ ಕೂಡಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಮ್ಮ ವ್ಯಾನಿನಲ್ಲೇ ಕರೆದುಕೊಂಡು ಹೋದರು. ಕಾಡಿನ ಅಂಚಿನಲ್ಲಿ ಯಂತ್ರ ಹಿಡಿದು ಬಿಸ್ಮಿಲ್ಲಾ ಅಂದರು. ಹೇಗೆ ಆಡಿಸಬೇಕೆಂದು ನಾನು ತೋರಿಸುವ ಮೊದಲೇ ಅಂಗಳ ಗುಡಿಸುವಂತೆ ಆಡಿಸುತ್ತ ನಡೆದರು. ನಲವತ್ತು ಹೆಜ್ಜೆಯೂ ಆಗಿರಲಿಲ್ಲ. ಒಂದು ದೊಡ್ಡ ಪೈನ್ ಮರದ ಬೇರಿನ ಬುಡದಲ್ಲಿ ಯಂತ್ರ ಕೂಗಿತು. ಆ ಬುಡವನ್ನು ನಾನು ಹತ್ತು ಸಲವಾದರೂ ಗುಡಿಸಿದ್ದೆ.

ಅಗೆದವನು ನಾನು. ಗೇಣು ಆಳದಲ್ಲಿ ಹಸಿರು ಹಿಡಿದ ದುಂಡನೆಯ ಬಿಲ್ಲೆ ಸಿಕ್ಕಿತು. ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜಿದೆ. ಎದ್ದು ನಿಂತ ಒಂದು ಸಿಂಹ, ಅದರ ಕಾಲಡಿ ಒಂದು ಪಟ್ಟಿ. ತಿರುಗಿಸಿ ಉಜ್ಜಿದರೆ, ‘ಆನಾ’ ಎಂದು ಬರೆದ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ಕಂಡವು. ನಮ್ಮಜ್ಜಿಯ ಹಳೆ ದುಡ್ಡಿನ ಚೀಲದಲ್ಲಿ ಇಂಥವು ನಾಲ್ಕಿದ್ದವು. ನಾನು ಕಣ್ಣು ಮುಚ್ಚಿಯೂ ಗುರುತಿಸುತ್ತಿದ್ದೆ.

ಸಂತೋಷ ಆಗಬೇಕಿತ್ತು. ಆಗಲಿಲ್ಲ. ಎರಡು ವರ್ಷ ಮಳೆ, ಗಾಳಿ, ಮುಳ್ಳುಕಂಟಿ ನನಗೆ. ಕಾಲಾಣೆ ಇಸ್ತ್ರಿ ಅಂಗಿಯವರಿಗೆ. ನಾಳೆ ಊರೆಲ್ಲ ಅದೇ ಮಾತು: ಸಾಹೇಬರು ಮುಟ್ಟಿದರು, ನೆಲ ಬಾಯಿ ಬಿಟ್ಟಿತು. ನನ್ನ ಮಗಳೂ ಅದನ್ನೇ ಹೇಳುತ್ತಾಳೆ, ಅಂಕಲ್ ಕಂಡುಹಿಡಿದರು ಎಂದು. ನನಗೆ ಮೈಯೆಲ್ಲ ಉರಿದುಹೋಯಿತು.

‘ಏನ್ರೀ ಅಣ್ಣಾರ ಅದು?’ ಎಂದು ಸಾಹೇಬರು ಬಗ್ಗಿದರು. ಅವರು ಬಗ್ಗುವಷ್ಟರಲ್ಲಿ ನಾನು ಹಸಿ ಮಣ್ಣನ್ನು ಹೆಬ್ಬೆರಳಿನಿಂದ ಮತ್ತೆ ಸಿಂಹದ ಮೇಲೂ ಅಕ್ಷರಗಳ ಮೇಲೂ ಮೆತ್ತಿದ್ದೆ.

‘ಏನಿಲ್ರೀ. ವಾಷರ್. ಹಳೇ ಟ್ರ್ಯಾಕ್ಟರಿಂದು.’

‘ತೂತೇ ಇಲ್ಲಲ್ರೀ?’

‘ಮಣ್ಣು ಕಚ್ಚಿ ಮುಚ್ಚೇತಿ.’

ಕಸವನ್ನೆಲ್ಲ ಹಾಕಿಕೊಳ್ಳಲು ನನ್ನ ಸೊಂಟದಲ್ಲಿ ಒಂದು ಚೀಲ ಇರುತ್ತಿತ್ತು. ಅದರಲ್ಲಿ ಹಾಕಿಕೊಂಡರೆ ಮುಗಿಯಿತು, ಮುಂದಿನ ಭಾನುವಾರ ನಾನೇ ಮತ್ತೆ ‘ಕಂಡುಹಿಡಿಯಬಹುದು’ ಎಂಬುದು ನನ್ನ ಹಂಚಿಕೆ. ಆದರೆ ಸಾಹೇಬರು ಕೈ ಚಾಚಿದರು. ಬಿಲ್ಲೆಯನ್ನು ತೆಗೆದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡರು. ‘ವಾಷರ್ ಆದ್ರ ಏನಾತ್ರಿ, ಬೋಣಿಗಿ ಮಾಲು. ಗಲ್ಲೆದಾಗ ಇಡ್ತೀನಿ’ ಎಂದು ಅಂಗಿಯ ಜೇಬಿಗೆ ಹಾಕಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ವ್ಯಾಪಾರದವರು ಬೋಣಿಗೆಯನ್ನು ಎಸೆಯುವುದಿಲ್ಲ ಎಂಬುದು ನನಗೆ ಹೊಳೆಯಬಾರದೆ? ಬೋಣಿಗೆಗೆಂದೇ ಕರೆದೊಯ್ದವನು ನಾನಲ್ಲವೆ?

ಅಲ್ಲಿಂದ ನಾಲ್ಕು ತಿಂಗಳು ನಾನು ಹಾಲು ತರುವ ನೆಪದಲ್ಲಿ ದಿನಾ ಡೈರಿಗೆ ಹೋದೆ. ಗಲ್ಲೆ ತೆರೆದಾಗಲೆಲ್ಲ ಚಿಲ್ಲರೆಯ ಹಿಂದಿನ ಮೂಲೆಯಲ್ಲಿ ಅದು ಕಾಣುತ್ತಿತ್ತು, ಮಣ್ಣು ಒಣಗಿ ಇನ್ನಷ್ಟು ಕುರೂಪವಾಗಿ. ಒಮ್ಮೆ ನನ್ನ ಷಿಲ್ಲಿಂಗನ್ನು ಮುಂದಿಟ್ಟು, ‘ಇದು ಖರೇ ಬೆಳ್ಳಿ. ಇದನ್ನ ಇಟ್ಕೊಂಡು ಆ ವಾಷರ್ ಕೊಡ್ರಿ’ ಅಂದೆ. ಸಾಹೇಬರು ನಕ್ಕರು. ‘ನಿಮಗ ವಾಷರ್ ಯಾಕ್ರೀ? ಬೋಣಿಗಿ ಕೊಟ್ರ ಬರಕತ್ ಹೋಗ್ತೈತಿ.’

ಅಂದೇ ಬಾಯಿ ಬಿಡಬಹುದಿತ್ತು. ಸಾಹೇಬ್ರ, ತಪ್ಪಾತು, ಅದು ಕಾಲಾಣೆ ಎಂದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ಗೌರವ ಅವರಿಗೆ, ಸುಳ್ಳುಗಾರನೆಂಬ ಹೆಸರು ನನಗೆ. ಬಿಸಿ ತುಪ್ಪ, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಭಾನುವಾರ ಅವರು ನನ್ನ ಜೊತೆ ಕಾಡಿಗೆ ಬರತೊಡಗಿದರು, ಥರ್ಮಾಸಿನಲ್ಲಿ ಚಹಾ ತರುತ್ತಿದ್ದರು. ನನಗೆ ಮೊಳೆ ಸಿಕ್ಕಾಗಲೆಲ್ಲ ‘ಮುಂದಿನ ಸಲ ಸಿಗ್ತೈತಿ ಬಿಡ್ರಿ’ ಎನ್ನುತ್ತಿದ್ದರು. ಆ ಸಮಾಧಾನದ ಮಾತು ಕೇಳಿ ನನಗೆ ಇನ್ನೂ ಸಿಟ್ಟು ಬರುತ್ತಿತ್ತು.

ಚಳಿಗಾಲ ಮುಗಿಯುವ ಹೊತ್ತಿಗೆ ಯಂತ್ರದ ಮೊಣಕೈ ಪಟ್ಟಿ ಸಡಿಲಾಯಿತು. ಅದರ ಬೋಲ್ಟಿನ ವಾಷರು ಎಲ್ಲೋ ಕಾಡಿನಲ್ಲಿ ಬಿದ್ದುಹೋಗಿತ್ತು. ಸಾಹೇಬರು ‘ನಾ ಮಾಡಿಸ್ತೀನಿ ಬಿಡ್ರಿ’ ಎಂದು ಯಂತ್ರವನ್ನು ವ್ಯಾನಿನಲ್ಲೇ ಇಟ್ಟುಕೊಂಡು ಹೋದರು. ಮುಂದಿನ ಭಾನುವಾರ ಮಗಳನ್ನೂ ಕರೆದುಕೊಂಡು ಡೈರಿಗೆ ಹೋದೆ. ಸಾಹೇಬರು ಒಳಗಿನಿಂದ ಯಂತ್ರ ತಂದು ಕೌಂಟರಿನ ಮೇಲೆ ಮಲಗಿಸಿದರು. ಮುಖದಲ್ಲಿ ಹಬ್ಬದ ಕಳೆ.

‘ನೀವು ಅವತ್ತು ಬೇಡಿದ್ರಿ, ನಾ ಕೊಡ್ಲಿಲ್ಲ. ಮನ್ಯಾಗಿನಾಕಿ ಬೈದ್ಲು. ಅವ್ರಿಗೆ ಏನೂ ಸಿಗವಲ್ದು, ದಿನಾ ಬಂದು ಗಲ್ಲೆ ನೋಡಿ ಹೊಕ್ಕಾರ, ನಿನ್ನ ಬರಕತ್ತಿನಾಗ ಈಟು ಹಂಚಿದ್ರ ಏನ್ ಕಡಿಮಿ ಆಗ್ತೈತಿ ಅಂದ್ಲು. ಅದಕ್ಕ ನಿಮ್ಮ ಮಷಿನ್‌ಗೇ ಕೂಡಿಸೀನಿ.’

ಬೋಲ್ಟಿನ ಕೆಳಗೆ ಬಿಲ್ಲೆ ಥಳಥಳ ಹೊಳೆಯುತ್ತಿತ್ತು. ಗ್ಯಾರೇಜಿನವನ ಕಡೆಯಿಂದ, ಮಣ್ಣು ಕಚ್ಚಿದೆಯೆಂದು ನಾನು ಹೇಳಿದ್ದ ಆ ತೂತನ್ನು ಡ್ರಿಲ್ ಹಾಕಿಸಿ ‘ಬಿಡಿಸಿದ್ದರು’. ಸರಿಯಾಗಿ ಕೂಡಲಿ ಎಂದು ಹಿಂಬದಿಯನ್ನು ಸಾಣೆಗೆ ಹಿಡಿಸಿ ಸಪಾಟು ಮಾಡಿಸಿದ್ದರು. ಆಮೇಲೆ ಅವರ ಹೆಂಡತಿ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು, ತಾಮ್ರದ ಚರಿಗೆ ತಿಕ್ಕುವ ಹಾಗೆ. ಹೊಸ ತೂತಿನ ಅಂಚು ಕೆಂಪಗಿತ್ತು. ಅದರ ಪಕ್ಕದಲ್ಲಿ, ಅಂಚಿಗೆ ಒತ್ತಿಕೊಂಡು, ಒಂದೇ ಒಂದು ಸಿಂಹ ನಿಂತಿತ್ತು.

ನನ್ನ ಮಗಳು ಬಗ್ಗಿ ನೋಡಿದಳು. ‘ಡ್ಯಾಡ್, ದೇರ್ಸ್ ಎ ಲಯನ್ ಆನ್ ಇಟ್,’ ಅಂದಳು.

ಸಾಹೇಬರು ಕನ್ನಡಕ ಹಣೆಯ ಮೇಲೆ ಏರಿಸಿ, ಕಣ್ಣು ಹತ್ತಿರ ಒಯ್ದು ನೋಡಿದರು. ‘ಹೌದಲ್ಲವ್ವಾ, ಸಿಂಹನೇ ಐತಿ! ನಾ ನೋಡೇ ಇಲ್ಲ.’ ಆಮೇಲೆ ನನ್ನ ಕಡೆ ತಿರುಗಿದರು. ‘ಅಣ್ಣಾರ, ಆ ಕಾಲದಾಗ ವಾಷರ್ ಮ್ಯಾಲೂ ಸಿಂಹ ಹಾಕ್ತಿದ್ರೇನ್ರೀ?’

ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಇಂಥದ್ದೆಲ್ಲ ಬಲ್ಲವನು ನಾನೊಬ್ಬನೇ ಅಲ್ಲವೆ?

‘ಹಾಕ್ತಿದ್ರು,’ ಎಂದೆ.

ಸಾಹೇಬರು ನಂಬಿದರು. ಮಗಳೂ ನಂಬಿ ಐಸ್‌ಕ್ರೀಮಿನ ಪೆಟ್ಟಿಗೆಯ ಕಡೆ ಹೋದಳು.