ಒಳಗೆ ಸುತ್ತಿದ ಹೊಳೆ

ನಮ್ಮದು ಆಳಂದದ ಅರಿವೆ ಅಂಗಡಿಯ ಮನೆತನ. ಅಪ್ಪ ಹೈದರಾಬಾದಿಗೆ ಹೋದಾಗ ಅಲ್ಲಿಯೂ ಅರಿವೆಯನ್ನೇ ಮಾರುತ್ತಾರೆಂದು ಎಲ್ಲರೂ ತಿಳಿದಿದ್ದರು. ಅವರು ತೆರೆದದ್ದು ಚಿತ್ರಗಳ ಗ್ಯಾಲರಿ. ಅದೂ ದೇವರ ಪಟಗಳದ್ದಲ್ಲ; ಈಗಿನ ಕಲಾವಿದರು ಬರೆದ, ನೋಡಿದವರು ಒಂದು ಗಳಿಗೆ ತಲೆ ಕೆರೆದುಕೊಳ್ಳುವಂಥ ಚಿತ್ರಗಳದ್ದು. ಊರಿಗೆ ಬಂದಾಗ ಯಾರಾದರೂ "ಅಲ್ಲಿ ಏನ್ ಮಾರ್ತೀರಿ?" ಎಂದು ಕೇಳಿದರೆ ಅಪ್ಪ "ಗ್ವಾಡಿಗೆ ಹಾಕೋದ್ರಿ" ಎನ್ನುತ್ತಿದ್ದರು. ಕೇಳಿದವರು ಸುಣ್ಣವಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದರು.

ಎಂಬತ್ತರ ದಶಕದ ನಡುವೆ ನಾನೂ ಗ್ಯಾಲರಿಗೆ ಸೇರಿದೆ. ಓದು ಮುಗಿದಿತ್ತು, ಸೊಕ್ಕು ಶುರುವಾಗಿತ್ತು. ಮುಂದಿನ ಪ್ರದರ್ಶನಕ್ಕೆ ನಾನು ಒಬ್ಬಳೇ ಹೋಗಿ ಚಿತ್ರ ತರುತ್ತೇನೆಂದು ಹಟ ಹಿಡಿದು ಜೇವರ್ಗಿಗೆ ಹೊರಟೆ. ಅಲ್ಲಿ ಒಬ್ಬ ಡ್ರಾಯಿಂಗ್ ಮಾಸ್ತರರಿದ್ದರು. ಶಾಲೆಯಿಂದ ನಿವೃತ್ತರಾದ ಮೇಲೆ ಎರಡು ವರ್ಷ ಕೂತು ದೊಡ್ಡದೊಂದು ಬಟ್ಟೆಯ ಮೇಲೆ ತುಂಬಿದ ಭೀಮಾ ಹೊಳೆಯನ್ನು ಬರೆದಿದ್ದರು. ಅವರ ಮನೆಯ ಪಡಸಾಲೆಯ ಒಂದು ಗೋಡೆ ಪೂರ್ತಿ ಅದೇ. ಬಣ್ಣವನ್ನು ಚಾಕುವಿನಿಂದ ಮೆತ್ತಿ ಮೆತ್ತಿ ಎಬ್ಬಿಸಿದ ಕೆಂಪು ನೀರು. ಮುಂದೆ ನಿಂತರೆ ಹಿಂದೆ ಸರಿಯಬೇಕೆನಿಸುತ್ತಿತ್ತು.

"ಇದಾದ ಮ್ಯಾಲ ದೊಡ್ಡದು ಆಗಂಗಿಲ್ಲ, ಬೇಟಿ," ಎಂದು ಮಾಸ್ತರರು ಬಲಗೈ ಮುಂದೆ ಚಾಚಿ ತೋರಿಸಿದರು. ಬೆರಳುಗಳು ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು. "ಚಾಕು ನಿಲ್ಲವಲ್ದು. ಇದೊಂದು ಜ್ವಾಕಿ."

ಚೌಕಟ್ಟಿನ ಸಮೇತ ಅದು ಬಸ್ಸಿಗೆ ಹತ್ತುವಂತಿರಲಿಲ್ಲ. ಬಿಡಿಸಿ ಸುತ್ತಬೇಕಿತ್ತು. ಅಲ್ಲಿಯವರೆಗೆ ಗ್ಯಾಲರಿಗೆ ಬಂದ ಚಿತ್ರಗಳೆಲ್ಲ, ಮಾಸ್ತರರ ಸಣ್ಣ ಚಿತ್ರಗಳೂ ಸೇರಿ, ಕಟ್ಟಿಗೆಯ ಪೆಟ್ಟಿಗೆಯಲ್ಲೇ ಬಂದಿದ್ದವು. ಸುತ್ತಿದ ಚಿತ್ರವನ್ನು ನಾನು ಕಂಡೇ ಇರಲಿಲ್ಲ. ಆದರೆ ಸುತ್ತುವುದು ನನಗೆ ಯಾರು ಹೇಳಿಕೊಡಬೇಕು? ಆಳಂದದ ಅಂಗಡಿಯ ಗಾದಿಯ ಮೇಲೆ ಬೆಳೆದವಳು ನಾನು. ಅರಿವೆಯ ಚಂದದ ಮೈ ಒಳಗಿರಬೇಕು, ಧೂಳು ತಾಗಬಾರದು, ಹತ್ತು ಮಂದಿಯ ಕೈ ಹತ್ತಬಾರದು. ಬಿಗಿಯಾಗಿ, ಒಂದು ನಿರಿಗೆಯೂ ಬೀಳದಂತೆ ಸುತ್ತಬೇಕು. ಒಂದು ತೆಳ್ಳನೆಯ ಬಿದಿರಿನ ಕೋಲು ತೆಗೆದುಕೊಂಡು, ಬಣ್ಣದ ಮೈಯನ್ನು ಒಳಗೆ ಮಾಡಿ, ಮೊಣಕಾಲೂರಿ ಒತ್ತಿ ಒತ್ತಿ ಸುತ್ತಿದೆ. ನನ್ನದೊಂದು ಸೀರೆಯಿಂದ ಮುಚ್ಚಿ ಮೂರು ಕಡೆ ಕಟ್ಟಿದೆ. ಮಾಸ್ತರರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನಗೋ ನನ್ನ ಕೈಚಳಕದ ಮೇಲೆ ಭಾರಿ ಹೆಮ್ಮೆ.

ಎಳ್ಳಮಾಸಿ ಹಬ್ಬ ಆಗಿ ನಾಲ್ಕು ದಿನವಾಗಿತ್ತು, ಕೊರೆಯುವ ಚಳಿ. ಗುಲಬರ್ಗಾದವರೆಗೆ ಬಸ್ಸು, ಅಲ್ಲಿಂದ ರೈಲು. ಉದ್ದಕ್ಕೂ ಅದನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಕೂತಿದ್ದೆ.

ಹೈದರಾಬಾದಿನಲ್ಲಿ ಚೌಕಟ್ಟು ಕೂಡಿಸುವ ಬಡಿಗೇರ ಕಟ್ಟು ಬಿಚ್ಚಿದ. ಎರಡು ಸುತ್ತು ಬಿಚ್ಚುವಷ್ಟರಲ್ಲಿ ಹಪ್ಪಳ ಮುರಿದಂಥ ಸಪ್ಪಳ ಕೇಳಿತು. ಬಡಿಗೇರ ಕೈ ಹಿಂದೆ ತೆಗೆದ.

"ಬಣ್ಣ ಹೊರಗ ಮಾಡಿ, ದಪ್ಪ ಕೊಳವಿಗಿ ಸಡಿಲ ಸುತ್ತಬೇಕಿತ್ತಲ್ರಿ, ಅಕ್ಕಾರ. ಒಳಗ ಮಡಚಿದ್ರ ಬಣ್ಣಕ್ಕ ಜಾಗ ಎಲ್ಲದ? ಒಂದಕ್ಕೊಂದು ಒತ್ತಿ ಒಡೀತದ."

ಪೂರ್ತಿ ಬಿಚ್ಚಿದಾಗ ಹೊಳೆಯ ಅಡ್ಡಕ್ಕೆ ಗೇಣು ಗೇಣಿಗೊಂದು ಗೀರು ಎದ್ದಿತ್ತು. ನಡುನೀರಿನಲ್ಲಿ ಅಂಗೈಯಗಲ ಬಣ್ಣ ಉದುರಿ ಬಿಳಿ ಬಟ್ಟೆ ಕಾಣುತ್ತಿತ್ತು. ನೆಲದ ಮೇಲೆ ಕೂತು ಉದುರಿದ ಚೂರುಗಳನ್ನು ಒಂದೊಂದಾಗಿ ಆಯ್ದು ಕಾಗದದಲ್ಲಿ ಕಟ್ಟಿದೆ. ಯಾಕೆ ಕಟ್ಟಿದೆನೋ, ಅಂಟಿಸಲು ಬರುವಂತಿರಲಿಲ್ಲ.

ಮಾಸ್ತರರು ಪ್ರದರ್ಶನ ತೆರೆಯುವ ದಿನ ಬೆಳಿಗ್ಗೆ ಬರುವವರಿದ್ದರು. ನಡುವೆ ಎರಡು ದಿನ. ಫೋನ್ ಬಂದರೆ ಎತ್ತಲು ಅಪ್ಪನನ್ನೇ ಕರೆಯುತ್ತಿದ್ದೆ. ಅವರು ಸಿಟ್ಟಾಗುತ್ತಾರೆಂದು ಹೆದರಿಕೆಯಲ್ಲ, ಸಿಟ್ಟಾದರೆ ಬೈಸಿಕೊಳ್ಳಬಹುದು. ಆ ನಡುಗುವ ಕೈ ಕಣ್ಣ ಮುಂದೆ ಬರುತ್ತಿತ್ತು. ಅವರು ಇನ್ನೊಂದನ್ನು ಬರೆಯಲಾರರು, ನಾನು ಇದನ್ನು ಸರಿಮಾಡಲಾರೆ.

"ನೀವೇ ಹೇಳ್ರಿ, ಅಪ್ಪಾ," ಎಂದು ಅಂಗಲಾಚಿದೆ.

"ಸುತ್ತಿದ್ದು ನೀನು. ನೀನೇ ಹೇಳಬೇಕು. ಖರೆ ಹೇಳು, ಅಷ್ಟ." ಅಪ್ಪ ಚಿತ್ರವನ್ನು ಇದ್ದಂತೆಯೇ ಗೋಡೆಗೆ ಹಾಕಿಸಿದರು.

ಖರೆ ಹೇಳುವಷ್ಟು ಧೈರ್ಯ ನನ್ನಲ್ಲಿರಲಿಲ್ಲ. ಸ್ನಾನ ಮಾಡುವಾಗ, ತಲೆ ಬಾಚುವಾಗ ಒಂದು ಸುಳ್ಳನ್ನು ಬಾಯಿಪಾಠ ಮಾಡಿದೆ.

ಮಾಸ್ತರರು ಇಸ್ತ್ರಿ ಮಾಡಿದ ಶೇರ್ವಾನಿ ಹಾಕಿಕೊಂಡು ಬಂದರು. ಬಲಗೈ ಕಿಸೆಯಲ್ಲಿತ್ತು. ನೇರ ಚಿತ್ರದ ಮುಂದೆ ಹೋಗಿ ನಿಂತರು. ಬಿಳಿ ಬಟ್ಟೆ ಕಾಣುವ ಕಡೆ ಬಾಗಿ ನೋಡಿದರು.

"ಸ್ಟೇಷನ್ದಾಗ ಹಮಾಲ ಕೈಬಿಟ್ಟನ್ರಿ, ಮಾಸ್ತರ," ಎಂದೆ. "ಎತ್ತರದಿಂದ ಬಿತ್ತು. ನಾ ಹಿಡಿಯಾಕ ಹೋದೆ, ಸಿಗಲಿಲ್ಲ." ಅಲ್ಲೇ ನಿಂತಿದ್ದ ಅಪ್ಪ ತಲೆ ತಗ್ಗಿಸಿದರು.

ಮಾಸ್ತರರು ಪೂರ್ತಿ ಕೇಳಿಸಿಕೊಂಡರು.

"ಪಾಪ, ಹಮಾಲಗ ಯಾಕ ಅಂತೀ, ಬೇಟಿ? ನೀ ಸುತ್ತಾಗ ನಾ ನೋಡಾಕತ್ತಿದ್ದೆ. ಬಣ್ಣ ಒಳಗ ಹೋಗಾಕತ್ತಿತ್ತು. ತಡಿ ಅಂತ ಬಾಯಿಗೆ ಬಂದಿತ್ತು. ಅರಿವಿ ಅಂಗಡಿ ಹುಡುಗಿ, ಮ್ಯಾಲ ಗ್ಯಾಲರಿಯವಳು, ನನಗಿಂತ ಅಕಿಗಿ ಗೊತ್ತಿರತದ ಅಂತ ಸುಮ್ಮನಾದೆ. ಅರ್ಧ ತಪ್ಪು ನಂದದ."

ಬೈದಿದ್ದರೆ ಬದುಕುತ್ತಿದ್ದೆ. ನನ್ನ ಸುಳ್ಳು ಕೇಳಿಯೂ ಅವರು ತಪ್ಪಿನಲ್ಲಿ ಪಾಲು ಕೇಳಿದಾಗ ನಾನು ಅಳಲು ಶುರುಮಾಡಿದೆ. ಕಾಗದದ ಪೊಟ್ಟಣವನ್ನು ಅವರ ಮುಂದೆ ಹಿಡಿದೆ. ಅವರು ಬಿಚ್ಚಿ ನೋಡದೆ ಎಡಗಿಸೆಗೆ ಹಾಕಿಕೊಂಡರು.

"ಇಳಸ್ರಿ," ಎಂದು ಅಪ್ಪನಿಗೆ ಹೇಳಿದರು. "ಉಳಿದವೆಲ್ಲ ಇರಲಿ. ಹೊಳಿ ನನ್ನ ಮನ್ಯಾಗ ಇರತದ."

ಬಡಿಗೇರ ಚೌಕಟ್ಟು ಬಿಡಿಸಿ, ದಪ್ಪನೆಯ ಕೊಳವೆಯೊಂದನ್ನು ತಂದಿಟ್ಟ. ಸುತ್ತಲು ಅವನೇ ಮುಂದೆ ಬಂದ. ಮಾಸ್ತರರು ಅವನನ್ನು ತಡೆದರು.

"ಅಕಿ ಸುತ್ತಲಿ. ಬಣ್ಣ ಹೊರಗ, ಬೇಟಿ. ಸಾವಕಾಶ."

ಇನ್ನೂ ಉದುರುತ್ತದೆಂಬ ಹೆದರಿಕೆಯಲ್ಲಿ ನಾನು ಒಂದು ತುದಿಯಲ್ಲಿ ಕೂತೆ. ಮಾಸ್ತರರು ಕಿಸೆಯಿಂದ ಬಲಗೈ ತೆಗೆದು ಇನ್ನೊಂದು ತುದಿ ಹಿಡಿದರು. ನಮ್ಮಿಬ್ಬರ ನಡುವೆ ಕೊಳವೆ ನಡುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರು ಕೈ ತೆಗೆದರು. ಕೊಳವೆ ಮಾತ್ರ ನಡುಗುತ್ತಲೇ ಇತ್ತು.