ಹೆಗಲಿಂದ ಹೆಗಲಿಗೆ

ನಮ್ಮ ಮಾವನವರ ಬಲ ಹೆಗಲ ಮೇಲೆ, ಕುತ್ತಿಗೆಯ ಬುಡಕ್ಕೆ ಹತ್ತಿ, ರೊಟ್ಟಿ ಬಡಿಯಲು ತೆಗೆದಿಟ್ಟ ಹಿಟ್ಟಿನ ಉಂಡೆಯಷ್ಟು ದಪ್ಪದ ಗಂಟೊಂದಿತ್ತು. ಒತ್ತಿದರೆ ಮೆತ್ತಗೆ, ಮೇಲಿನ ಚರ್ಮ ಮಾತ್ರ ಹಳೇ ಚಪ್ಪಲಿಯಷ್ಟು ಒರಟು. ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ವಯಸ್ಸೆಲ್ಲ ಭತ್ತದ ಚೀಲ, ಹತ್ತಿಯ ಅಂಡಿಗೆ ಹೊತ್ತು ಬಂದ ಗಂಟು ಅದು. ಡಾಕ್ಟರು ಒಮ್ಮೆ, "ಸಣ್ಣ ಆಪರೇಷನ್ ಅಷ್ಟೇ, ತೆಗೆದುಬಿಡೋಣ" ಅಂದರು. ಮಾವನವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, "ಬ್ಯಾಡ್ರಿ ಸಾಹೇಬ್ರ, ಮೊಮ್ಮಗಳು ಅದರ ಮ್ಯಾಲೆ ಮಲಗ್ತಾಳ" ಎಂದು ಹೇಳಿ ಎದ್ದು ಬಂದರು. ಸುಳ್ಳಲ್ಲ. ನನ್ನ ಮಗಳು ಅದಕ್ಕೆ ದಿಂಬು ಅಂತಲೇ ಕರೆಯುತ್ತಿದ್ದಳು.

ನನ್ನ ತವರು ಮಾನ್ವಿ. ಹತ್ತನೇ ಕ್ಲಾಸು ಮುಗಿದ ಮೇಲೆ ಸೀರೆಗಂಟು ಹೊತ್ತು ಮನೆಮನೆ ತಿರುಗಿ ವ್ಯಾಪಾರ ಕಲಿತವಳು ನಾನು. ಯಾವ ಹೆಣ್ಣುಮಗಳು ಬರೀ ನೋಡಲು ಬಂದಿದ್ದಾಳೆ, ಯಾವಾಕೆ ಕೊಳ್ಳದೆ ಹೋಗುವುದಿಲ್ಲ ಅನ್ನುವುದು ಅವಳು ಸೆರಗು ಬಿಡಿಸಿ ನೋಡುವ ರೀತಿಯಲ್ಲೇ ನನಗೆ ಗೊತ್ತಾಗುತ್ತದೆ. ನನ್ನ ಮದುವೆ ಮಾತುಕತೆಯಲ್ಲೂ ನಾನು ಸುಮ್ಮನೆ ಕೂಡಲಿಲ್ಲ. "ನಾ ವ್ಯಾಪಾರ ಬಿಡಂಗಿಲ್ರಿ. ಅದಕ್ಕ ಒಪ್ಪಿಗಿ ಇದ್ರ ಮುಂದಿನ ಮಾತು" ಅಂದೆ. ನಮ್ಮ ಕಡೆಯ ಹಿರಿಯರು ತಲೆ ತಗ್ಗಿಸಿದರು. ಮಾವನವರು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದವರು ಬಸಿ ಕೆಳಗಿಟ್ಟು ನಕ್ಕರು. "ಹೊರೋ ಮಂದಿ ಮನಿ ಯವ್ವಾ ನಮ್ದು. ನೀನೂ ಗಂಟು ಹೊರ್ತೀನಿ ಅಂದ್ರ ಬ್ಯಾಡಂತೀವೇನು?"

ಈಗಿನ ಹುಡುಗಿಯರಿಗೆ ನಾನು ಹೇಳುವುದಿಷ್ಟೇ. ಗಂಡಿನ ನೌಕರಿ, ಬಂಗಾರ, ಮನೆ ಎಲ್ಲ ವಿಚಾರಿಸಿ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಮಾವನ ಬಾಯಿಂದ ನಾಲ್ಕು ಮಾತು ಆಡಿಸಿ ಕೇಳಿಕೊಳ್ಳಿ.

ನಾನು ಆ ಮನೆಗೆ ಕಾಲಿಡುವ ಮೊದಲೇ ಅತ್ತೆ ತೀರಿಕೊಂಡಿದ್ದರು. ನಮ್ಮ ಮನೆಯವರು ದೇವದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತರು. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಮಗನಿಗೆ ಸರ್ಕಾರಿ ನೌಕರಿ ಸಿಕ್ಕದ್ದಕ್ಕೆ ಗಂಜ್‌ನವರೆಲ್ಲ ಮಾವನವರನ್ನು ಹೊಗಳುತ್ತಿದ್ದರು. ಅವರು ಮಾತ್ರ ಸೊಸೆಯ ಸುದ್ದಿ ತೆಗೆಯುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ನಾನು ಸೀರೆ ಅಂಗಡಿ ಇಟ್ಟಾಗ, ಚಹಾದ ಹೋಟೆಲಿನಲ್ಲಿ ಕೂತು, "ನಮ್ಮ ಸೊಸಿ ಮಾಲಕಿ ಅದಾಳ್ರಪಾ. ಗದ್ವಾಲಿನ ಸಾವಕಾರ್ರು ಆಕಿ ಮುಂದ ಬೆವರ್ತಾರ" ಎಂದು ಹೇಳುತ್ತಿದ್ದರಂತೆ. ಹಾಗೆ ಬೆವರಿಸಿದ್ದು ಒಂದು ಸಲ ನಿಜ. ಉಳಿದದ್ದು ಅವರು ಸೇರಿಸಿದ್ದು.

ಮಗಳು ಹುಟ್ಟಿ ಎರಡು ವರ್ಷ ದಾಟಿತ್ತು. ಎರಡನೆಯದು ಹೊಟ್ಟೆಯಲ್ಲಿದ್ದಾಗ ನನಗೆ ಬಿಪಿ ಏರಿತು. ಏಳು ತಿಂಗಳಿಗೆ ಡಾಕ್ಟರು ಮಂಚ ಬಿಟ್ಟು ಏಳಬಾರದು ಅಂದರು. ನನ್ನ ಅವ್ವ ಬಂದು ಮಾನ್ವಿಗೆ ಕರೆದುಕೊಂಡು ಹೋದಳು. ಅಲ್ಲಿ ದಿನ ತುಂಬುವ ಮೊದಲೇ ಆಪರೇಷನ್ ಆಗಿ ಗಂಡುಕೂಸು ಬಂತು, ಹಲ್ಲಿಮರಿಯಂಥದ್ದು, ಅಂಗೈ ಮೇಲೆ ನಿಲ್ಲುವಷ್ಟು. ಕೆಮ್ಮು ನೆಗಡಿ ಇದ್ದವರು ಯಾರೂ ಹತ್ತಿರ ಸುಳಿಯಬಾರದು ಎಂದು ಡಾಕ್ಟರ ಕಟ್ಟಪ್ಪಣೆ. ಮಗಳಿಗೋ ಆ ಚಳಿಗಾಲವೆಲ್ಲ ಮೂಗು ಸೋರುವುದು ನಿಲ್ಲಲಿಲ್ಲ. ಹೀಗಾಗಿ ಮೂರೂವರೆ ತಿಂಗಳು ಅವಳು ರಾಯಚೂರಿನಲ್ಲಿ ತಾತನ ಹತ್ತಿರ, ನಾನು ಮಾನ್ವಿಯಲ್ಲಿ.

ಆ ಮೂರೂವರೆ ತಿಂಗಳು ಮಾವನವರು ಅವಳ ತಲೆ ಬಾಚಿದರು, ಚಡ್ಡಿ ಒಗೆದರು, ಅನ್ನ ಕಲಸಿ ತಿನ್ನಿಸಿದರು. ದಿನಾ ಮುಂಜಾನೆ ಅವಳನ್ನು ಹೆಗಲ ಮೇಲೆ ಕೂಡಿಸಿಕೊಂಡು ನನ್ನ ಅಂಗಡಿಯ ಬಾಗಿಲನ್ನೂ ತೆರೆದರು. ಒಂದು ಸೀರೆಯನ್ನೂ ಮಾರಲಿಲ್ಲ. ಬಂದವರಿಗೆಲ್ಲ, "ಕುಂಡ್ರ್ರಿ, ನೀರು ಕುಡೀರಿ. ಸೀರಿ ಸೊಸಿ ಬಂದ ಮ್ಯಾಲೆ" ಎನ್ನುತ್ತಿದ್ದರಂತೆ. ನಾನು ಫೋನಿನಲ್ಲಿ, "ಮಾರಲಾರ್ದ ಯಾಕ ತೆರೀತೀರಿ ಮಾವ? ಸುಮ್ನ ಧೂಳು" ಅಂದರೆ, "ಬಾಗಿಲಾ ಮುಚ್ಚಿದ್ರ ಮಂದಿ ಬ್ಯಾರೆ ಅಂಗಡಿ ರೂಢಿ ಮಾಡ್ಕೊಂತಾರ ಯವ್ವಾ. ತೆರದಿದ್ರ ನಿನ್ನ ನೆನಪು ಇಟ್ಟಿರ್ತಾರ" ಅಂದರು. ಇಷ್ಟು ವರ್ಷ ವ್ಯಾಪಾರ ಮಾಡಿದ ನನಗೆ ಇದು ಹೊಳೆದಿರಲಿಲ್ಲ.

ಗಿರಾಕಿಗಳು ನನ್ನನ್ನು ನೆನಪಿಟ್ಟಿದ್ದರು. ಮಗಳು ಇಟ್ಟಿರಲಿಲ್ಲ.

ನಾನು ಕೂಸನ್ನು ಎತ್ತಿಕೊಂಡು ಬಸ್ಸಿಳಿದು ಮನೆಗೆ ಬಂದ ದಿನ, ಅವಳು ತಾತನ ಧೋತರದ ಹಿಂದೆ ಸೇರಿ, ಒಂದು ಕಣ್ಣಷ್ಟೇ ಹೊರಗೆ ಹಾಕಿ ನೋಡಿದಳು. ಕೈ ಚಾಚಿದರೆ ಚೀರಿದಳು. ಫೋನಿನಲ್ಲಿ ದಿನಾ ನೋಡುತ್ತಿದ್ದ ಅವ್ವ ಬೇರೆ, ಎದುರಿಗೆ ನಿಂತ ಈ ಸೊರಗಿದ ಹೆಂಗಸು ಬೇರೆ ಅಂದುಕೊಂಡಳೋ ಏನೋ. ತಮ್ಮನನ್ನಂತೂ ಅಂಗಡಿಗೆ ಬಂದ ಗಿರಾಕಿಗೆ ತೋರಿಸಿ, "ಪಾಪು ಬ್ಯಾಡ. ವಾಪಸ್ ತಗೋರಿ" ಅಂದುಬಿಟ್ಟಳು. ಸೀರೆ ವಾಪಸ್ ತರುವವರನ್ನು ನೋಡಿ ನೋಡಿ ಕಲಿತ ಮಾತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಹೋಗಿ ಸಾಂಬ್ರಾಣಿ ಹೊಗೆ ಹಾಕುವ ನೆಪದಲ್ಲಿ ಕಣ್ಣು ಒರೆಸಿಕೊಂಡೆ.

ಆಮೇಲೆ ನಾನು ಮಾಡಿದ್ದು ನನಗೆ ಗೊತ್ತಿದ್ದ ಒಂದೇ ವಿದ್ಯೆ, ಚೌಕಾಸಿ. ಬಿಸ್ಕೀಟು ತೋರಿಸಿ ಒಂದು ಮುತ್ತು ಕೇಳಿದೆ. ಗೊಂಬೆ ಕೊಟ್ಟು, ತೊಡೆಯ ಮೇಲೆ ಕೂಡು ಅಂದೆ. ಅವಳು ಬಿಸ್ಕೀಟೂ ತೆಗೆದುಕೊಂಡಳು, ಗೊಂಬೆಯನ್ನೂ ತೆಗೆದುಕೊಂಡಳು, ಎರಡನ್ನೂ ಎತ್ತಿಕೊಂಡು ತಾತನ ಹತ್ತಿರ ಹೋಗಿ ಕೂತಳು. ನನ್ನ ಮಗಳೇ, ಸಂಶಯವಿಲ್ಲ.

ಹದಿನೈದು ದಿನ ನೋಡಿದೆ. ಆಮೇಲೆ ವ್ಯಾಪಾರದ ಬುದ್ಧಿಯನ್ನು ಕೆಟ್ಟ ಕಡೆ ಓಡಿಸಿದೆ. ಎದುರಿನ ಅಂಗಡಿ ಮುಚ್ಚಿದರೆ ಗಿರಾಕಿ ಬೇರೆಲ್ಲಿಗೆ ಹೋದಾನು, ನಮ್ಮಲ್ಲಿಗೇ ಬರಬೇಕಲ್ಲ ಎಂದು ಲೆಕ್ಕ ಹಾಕಿದೆ. ನನ್ನ ನಾದಿನಿಯನ್ನು ಕೊಟ್ಟದ್ದು ಕೃಷ್ಣಾ ನದಿ ದಂಡೆಯ ಗೂಗಲ್‌ಗೆ. "ಮಾವ, ಬಾಳ ದಣದೀರಿ. ಮಗಳ ಮನಿಗೆ ಹೋಗಿ ಒಂದ್ ತಿಂಗಳು ಆರಾಮ ಇದ್ದು ಬರ್ರಿ" ಅಂದೆ. ಅವರು ನನ್ನ ಮುಖ ನೋಡಿದರು. ನನ್ನ ಮನಸ್ಸಿನಲ್ಲಿ ಏನಿದೆ ಎಂದು ಅವರಿಗೆ ತಿಳಿಯಿತು ಅನ್ನುವುದು ನನಗೂ ತಿಳಿಯಿತು. "ಆತು ಯವ್ವಾ" ಅಂದರು. ಮಗಳು ಮಧ್ಯಾಹ್ನ ಮಲಗಿದ್ದಾಗ ಕೈಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದರು.

ಎದ್ದ ಮಗಳು ಮನೆಯೆಲ್ಲ ಹುಡುಕಿದಳು. ಬಚ್ಚಲು ನೋಡಿದಳು, ಮಂಚದ ಕೆಳಗೆ ಬಗ್ಗಿ ನೋಡಿದಳು. ಸೀರೆ ಕಟ್ಟುಗಳ ಹಿಂದೆ "ತಾತಾ" ಎಂದು ಮೆಲ್ಲಗೆ ಕರೆದಳು, ಕಣ್ಣಾಮುಚ್ಚಾಲೆ ಆಡುತ್ತಿದ್ದಾರೆ ಅಂದುಕೊಂಡು. ಗಟ್ಟಿಯಾಗಿ ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಅಳಲಿಲ್ಲ. ಗೂಟಕ್ಕೆ ಹಾಕಿದ್ದ ಅವರ ಟವೆಲ್ಲನ್ನು ಎಳೆದುಕೊಂಡು ಹೊಸ್ತಿಲ ಮೇಲೆ ಕೂತಳು. ಉಣ್ಣಲಿಲ್ಲ. ಮರುದಿನ ಮೈ ಬಿಸಿಯಾಯಿತು. ಇತ್ತ ತೊಟ್ಟಿಲಲ್ಲಿ ಚಿಕ್ಕವನು ಹಾಲಿಗೆ ಅಳುತ್ತಿದ್ದ, ಅತ್ತ ದೊಡ್ಡವಳು ನನ್ನ ಕೈ ತಾಗಿದರೆ ಸಾಕು ಗೋಡೆಗೆ ಸರಿಯುತ್ತಿದ್ದಳು. ಗಿರಾಕಿ ನನ್ನ ಕಡೆ ಬರುವುದಿರಲಿ, ಕೊಳ್ಳುವ ಆಸೆಯನ್ನೇ ಬಿಟ್ಟು ಕೂತಿತ್ತು. ನಾನು ದೇವದುರ್ಗಕ್ಕೆ ಫೋನು ಮಾಡಿ ಮನೆಯವರಿಗೆ, "ಈಗಿಂದೀಗ ಗೂಗಲ್‌ಗೆ ಹೋಗಿ ಮಾವನ್ನ ಕರ್ಕೊಂಡು ಬರ್ರಿ" ಅಂದೆ.

"ನೀನೇ ಕಳಿಸಿದ್ದಿ ಅಲ್ಲ?" ಅಂದರು ಅವರು.

"ಹೌದು, ನಾನೇ ಕಳಿಸಿದ್ದೆ. ನಾನೇ ಕರೀಲಿಕತ್ತೀನಿ. ಹೋಗ್ರಿ."

ಸಂಜೆಗೆ ಮಾವನವರು ಬಂದರು. ಬೈಯುತ್ತಾರೆ ಎಂದು ಕಾದೆ. ಅವರು ಕಾಲು ತೊಳೆದು, ಮಗಳನ್ನು ಎದೆಗೆ ಹಾಕಿಕೊಂಡು, ಗಂಜಿ ಕುಡಿಸಿದರು. ಅವಳು ಮಲಗಿದ ಮೇಲೆ ನನ್ನನ್ನು ಕರೆದು ಎದುರಿಗೆ ಕೂಡಿಸಿಕೊಂಡರು.

"ಯವ್ವಾ, ಗಂಜಿನಾಗ ಒಬ್ಬನ ಹೆಗಲ ಮ್ಯಾಲಿನ ಚೀಲ ಇನ್ನೊಬ್ಬನ ಹೆಗಲಿಗೆ ಹ್ಯಾಂಗ ಕೊಡ್ತಾರ, ನೋಡೀಯೇನು?"

"ಇಲ್ರಿ ಮಾವ."

"ಕೊಡಾವ ಒಮ್ಮೆಲೇ ಸರದ್ರ ಚೀಲ ಬೀಳ್ತದ. ತಗೊಳ್ಳಾವ ಕಸಗೊಂಡ್ರೂ ಬೀಳ್ತದ. ಇಬ್ರೂ ಕೂಡೇ ಚೀಲದ ಬುಡಕ ನಿಂದ್ರಬೇಕು. ನಾಕ್ ಹೆಜ್ಜಿ ಇಬ್ರೂ ಕೂಡೇ ನಡೀಬೇಕು. ತಗೊಳ್ಳಾವನ ಹೆಗಲಿಗೆ ಭಾರ ಕುಂತು, ಅಂವ 'ಬಂತು' ಅಂತಾನ. ಆಮ್ಯಾಲ ಕೊಡಾವ ಸರಿಯೋದು. ನೀ ನನ್ನ ಮೊದಲೇ ಸರಿಸಿಬಿಟ್ಟಿ."

"ತಪ್ಪಾತ್ರಿ ಮಾವ."

"ನಂದೂ ತಪ್ಪದ. ತಿಳಿದೂ ತಿಳಿದೂ ಬಸ್ ಹತ್ತಿದ್ನಲ್ಲ."

ಮರುದಿನದಿಂದ ಮಗಳನ್ನು ದಾಟಿಸುವ ಕೆಲಸ ಶುರುವಾಯಿತು. ತುತ್ತು ಕಟ್ಟುತ್ತಿದ್ದವರು ಅವರು, ಬಾಯಿಗಿಡುವವಳು ನಾನು. ನೀರು ಹಾಕುವವರು ಅವರು, ಸೋಪು ಹಚ್ಚುವವಳು ನಾನು. ಅವಳನ್ನು ನನ್ನ ಸೊಂಟಕ್ಕೆ ಕೊಟ್ಟು, ತಮ್ಮ ಕೈಯನ್ನು ಅವಳ ಬೆನ್ನ ಮೇಲಿಟ್ಟು, ಓಣಿಯ ತುದಿಯವರೆಗೆ ನನ್ನ ಜೊತೆ ನಡೆಯುತ್ತಿದ್ದರು. ಎದುರಾದ ಹೆಂಗಸರು, "ಏನ್ ಮುತ್ಯಾ, ಸೊಸಿ ಮ್ಯಾಲೆ ನಂಬಿಕಿ ಇಲ್ಲೇನು?" ಎಂದು ನಗಾಡಿದರೆ, "ಕೆಲಸದಾಗ ಅದೀವಿ, ಮಾತಾಡಿಸಬ್ಯಾಡ್ರಿ" ಎನ್ನುತ್ತಿದ್ದರು. ದಿನ ಕಳೆದಂತೆ ಆ ಕೈ ಬೆನ್ನಿಂದ ಅವಳ ಲಂಗದ ಚುಂಗಿಗೆ ಬಂತು. ಆಮೇಲೆ ಅವರು ಒಂದು ಮಾರು ದೂರ ನಡೆಯತೊಡಗಿದರು.

ಚಿಕ್ಕವನನ್ನು ನನ್ನ ಕೈಯಿಂದ ತಾವೇ ಇಸಿದುಕೊಳ್ಳುತ್ತಿದ್ದರು. "ಸಣ್ಣಾವಗ ಹಾಲು ಕುಡಿಸಿ ನನ್ನ ಕೈಯಾಗ ಕೊಡು. ಅಂವ ಯಾರ ತೊಡಿ ಮ್ಯಾಲಾದ್ರೂ ಮಲಗ್ತಾನ. ದೊಡ್ಡಾಕಿಗೆ ಖಾಲಿ ಕೈ ಬೇಕು." ಎರಡು ಕೂಸು ಇರುವ ತಾಯಂದಿರು ಅಂಗಡಿಗೆ ಬಂದರೆ ಈ ಮಾತನ್ನು ನಾನು ಈಗಲೂ ಹೇಳಿ ಕಳಿಸುತ್ತೇನೆ. ಬಂದ ನೆಂಟರೆಲ್ಲ ಹೊಸ ಕೂಸನ್ನು ತಾವು ಎತ್ತಿಕೊಂಡು, ದೊಡ್ಡದನ್ನು, "ಅವ್ವನ ಹತ್ರ ಹೋಗಬ್ಯಾಡ, ಹೊಲಿಗಿ ಹಾಕ್ಯಾರ" ಎಂದು ಹೆದರಿಸುತ್ತಾರೆ. ಹಾಗೆ ಮಾಡಗೊಡಬೇಡಿ.

ಒಂದು ಮುಂಜಾನೆ. ಅಂಗಡಿಯಲ್ಲಿ ಕಲ್ಮಲದಿಂದ ಬಂದ ತಾಯಿ ಮಗಳು, ಮದುವೆಗೆ ಇಳಕಲ್ ಸೀರೆ. ನಾನು ಏಳೆಂಟು ಸೀರೆ ಬಿಡಿಸಿ ಹಾಸಿದ್ದೆ. ತಾಯಿ ಬಲು ಗಟ್ಟಿ, ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದಿದ್ದಳು. ಹೊರಗೆ ಬೇವಿನ ನೆರಳಲ್ಲಿ ಮಾವನವರು ಚಿಕ್ಕವನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ನನ್ನ ಮಗಳು ಅಲ್ಲೇ ಕೆಸರು ಕಲಸುತ್ತಿದ್ದಳು. ಬೆರಳಿಗೆ ಕೆಂಜಿರುವೆ ಕಚ್ಚಿತು. ಚೀರಿದಳು. ತಾತ ಎರಡೇ ಹೆಜ್ಜೆಯ ದೂರದಲ್ಲಿ ಇದ್ದರು. ಅವರನ್ನು ನೋಡಿದಳು. ನೋಡಿ, ಅವರನ್ನು ದಾಟಿ, ಮೆಟ್ಟಿಲು ಹತ್ತಿ, ಹಾಸಿದ ಸೀರೆಗಳ ಮೇಲೆ ಕೆಸರುಗಾಲಲ್ಲಿ ಓಡಿ ಬಂದು ನನ್ನ ಕೊರಳಿಗೆ ಬಿದ್ದಳು. "ಅವ್ವಾ! ಅವ್ವಾ!"

"ಅಯ್ಯ ನಿನ್ನ, ಸೀರಿ ಹೋದ್ವಲ್ಲೇ!" ಅಂದಳು ಗಿರಾಕಿ.

ಹೋಗಲಿ. ಮಡಿಕೆ ಕೆಟ್ಟರೂ ಸಹಿಸದ ನಾನು ಸೀರೆಯ ಕಡೆ ತಿರುಗಿ ನೋಡಲಿಲ್ಲ. ಆ ಸಣ್ಣ ಬೆರಳನ್ನು ಬಾಯಿಯ ಹತ್ತಿರ ಹಿಡಿದು ಊದುತ್ತಿದ್ದೆ. ಹೊರಗಿನಿಂದ ದನಿ ಬಂತು.

"ಬಂತೇನ ಯವ್ವಾ?"

"ಬಂತ್ರಿ ಮಾವ."

ಆಮೇಲೆ ಅವರು ದೊಡ್ಡದಾಗಿ ನಗುತ್ತಾ, ದಾರಿಯಲ್ಲಿ ಹೋಗುತ್ತಿದ್ದ ಹಳೇ ಹಮಾಲರೊಬ್ಬರನ್ನು ಕೂಗಿ, "ಬಾರೋ, ಚಹಾ ಕುಡಿಯೋಣು. ಇವತ್ತ ನನ್ನ ಹೆಗಲು ಖಾಲಿ ಆತು" ಅಂದದ್ದು ಕೇಳಿಸಿತು. ಆ ಕಲ್ಮಲದ ತಾಯಿ ಸಮಯ ನೋಡಿ ತನ್ನ ಬೆಲೆ ಹೇಳಿದಳು. ತಗೊಂಡ್ಹೋಗು ಅಂದುಬಿಟ್ಟೆ. ನನ್ನನ್ನು ಗೆದ್ದ ಗಿರಾಕಿ ಅವಳೊಬ್ಬಳೇ.

ಮಾವನವರು ಆಮೇಲೆ ಎರಡೂವರೆ ವರ್ಷ ಇದ್ದರು. ಚಿಕ್ಕವನು ಅವರ ಬೆರಳು ಹಿಡಿದು ನಡೆಯಲು ಕಲಿತ. ಮಗಳು ಶಾಲೆಗೆ ಹೋಗತೊಡಗಿದಳು. ಬೇಸಗೆ ಶುರುವಾಗುವ ದಿನಗಳಲ್ಲಿ ಒಂದು ಮುಂಜಾನೆ, ಚಹಾ ಕುಡಿದು, ಬೇವಿನ ಬುಡಕ್ಕೆ ಒರಗಿ ಕೂತವರು ಏಳಲಿಲ್ಲ. ಗಂಜ್‌ನಿಂದ ಹಮಾಲರು ಚೀಲಗಳನ್ನು ಅಲ್ಲಲ್ಲೇ ಇಳಿಸಿ, ಬೆವರ ಅಂಗಿಯಲ್ಲೇ ಬಂದರು. ಓಣಿ ತುಂಬಿತು. ಯಾವ ಸಾವುಕಾರ ಸತ್ತಾಗಲೂ ನಾನು ಅಷ್ಟು ಮಂದಿಯನ್ನು ಕಂಡಿಲ್ಲ.

ಮಗಳನ್ನು ಶಾಲೆಯಿಂದ ಕರೆತಂದರು. ಎಲ್ಲರಿಗೂ ಅವಳದೇ ಚಿಂತೆ. ಬಾಗಿಲಲ್ಲಿ ನಿಂತು ತಾತನ ಮುಖ ನೋಡಿದಳು. ಸುತ್ತ ಹತ್ತು ಕೈ ಅವಳನ್ನು ಎತ್ತಿಕೊಳ್ಳಲು ಚಾಚಿದವು. ಅವಳು ಯಾರ ಕೈಗೂ ಸಿಗದೆ, ಅಷ್ಟು ಮಂದಿಯ ಕಾಲುಗಳ ನಡುವೆ ದಾರಿ ಮಾಡಿಕೊಂಡು, ನನ್ನ ಮಡಿಲಿಗೆ ಬಂದು ಬಿದ್ದು, ನನ್ನ ಸೆರಗು ಹಿಡಿದು, ಸಂಕಟವೆಲ್ಲ ಹೊರಗೆ ಬರುವ ಹಾಗೆ ಅತ್ತಳು.

ನನ್ನ ಅವ್ವ ಪಕ್ಕದಲ್ಲಿ ಕೂತು, "ತಾತನ ಕೂಸು. ಇನ್ನ ಹ್ಯಾಂಗ ಇರ್ತಾಳೋ ಏನೋ" ಎಂದು ಲೊಚಗುಟ್ಟಿದಳು.

"ಇರ್ತಾಳವ್ವಾ" ಅಂದೆ. "ಅವರು ಹಂಗ ಮಾಡಿಟ್ಟು ಹೋಗ್ಯಾರ."