ಅಕ್ಕಡಿ ಸಾಲು ಬರಿದಾದ ಹೊಲಕ್ಕೆ

ಶ್ರಾವಣದ ಎರಡನೆಯ ಶನಿವಾರ ಬೆಳಿಗ್ಗೆ ಏಳಕ್ಕೆ ದಂಡಿನಶಿವರದಿಂದ ಹೊರಟೆ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ನನ್ನ ಮಡಿಲಲ್ಲಿ ಮೂರು ಸೇರು ಅವರೆ ಬೀಜದ ಚೀಲ. ಚಿಕ್ಕಮ್ಮ ಶಾಂತಮ್ಮ ಬಸ್ಸಿನ ಬಾಗಿಲವರೆಗೆ ಬಂದು ಹೇಳಿದ್ದು ಇಷ್ಟೇ: "ಅವಳ ಕಣ್ಣೆದುರಿಗೇ ಬಿತ್ತಿಸ್ಬುಟ್ಟು ಬಾ. ನನ್ ಬೀಜ ಸತ್ತಿತ್ತಾ, ಬದುಕಿತ್ತಾ, ಅವಳೇ ನೋಡ್ಲಿ."

ಅವಳು ಅಂದರೆ ಚಿಕ್ಕಮ್ಮನ ಅಕ್ಕ, ನನ್ನ ದೊಡ್ಡಮ್ಮ ಗಂಗಮ್ಮ. ಹುಳಿಯಾರಿನಿಂದ ನಾಲ್ಕು ಕಿಲೋಮೀಟರ್ ಆಚೆ ಅವರ ಹೊಲ. ರಾಗಿಯ ನಡುನಡುವೆ ಅವರೆ ಹಾಕುವ ಅಕ್ಕಡಿ ಸಾಲಿಗೆ ಪ್ರತಿ ವರ್ಷವೂ ತಂಗಿಯ ಮನೆಯ ಬೀಜವೇ ಹೋಗುತ್ತಿತ್ತು. ಈ ಸಲ ಅವರೆ ಹುಟ್ಟಿ, ಎಲೆ ಹಳದಿಯಾಗಿ, ಒಣಗಿಹೋಯಿತು. "ಹಳೇ ಬೀಜ ನನ್ ತಲೆಗೆ ಕಟ್ಟಿದೀಯ" ಎಂದು ದೊಡ್ಡಮ್ಮ ಫೋನಿನಲ್ಲಿ ಅಂದುಬಿಟ್ಟಿದ್ದರು. ಅಂದಿನಿಂದ ಅಕ್ಕತಂಗಿಯರ ಮಾತು ನಿಂತಿತ್ತು.

ಕಿಬ್ಬನಹಳ್ಳಿಯವರೆಗೆ ಸರ್ಕಾರಿ ಬಸ್ಸು, ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಕಂಡಕ್ಟರ್ ಚೀಲ ನೋಡಿ, "ಇದೂ ಹೆಂಗಸೇ ಏನಮ್ಮ, ಫ್ರೀ ಬಿಡಕ್ಕೆ?" ಎಂದರು. ಅಲ್ಲಿ ತಟ್ಟೆ ಇಡ್ಲಿ ತಿಂದು ಚಿಕ್ಕನಾಯಕನಹಳ್ಳಿಗೆ ಹೋದೆ. ಮುಂದಕ್ಕೆ ಖಾಸಗಿ ಬಸ್ಸು, ಮೂವತ್ತೈದು ರೂಪಾಯಿ. ಉತ್ತರಕ್ಕೆ ಹೋದಂತೆ ತೆಂಗಿನ ತೋಟಗಳ ನಡುವೆ ಬಯಲು ಹೆಚ್ಚಾಯಿತು, ಕುರಿ ಮಂದೆಗಳು ಕಂಡವು. ಹುಳಿಯಾರಿನಿಂದ ಆಟೋದಲ್ಲಿ ಹೋಗಿ ಇಳಿದಾಗ ಹನ್ನೊಂದೂವರೆ.

ದೊಡ್ಡಮ್ಮ ಹೊಸಿಲಲ್ಲೇ ನಿಂತಿದ್ದರು. "ಬಂದೇನೇ, ಸಾಕ್ಷಿ ಹೊತ್ಕೊಂಡು? ಮೊದ್ಲು ಮುದ್ದೆ ಉಣ್ಣು. ನ್ಯಾಯ ಆಮೇಲೆ."

ಉಂಡು ಹೊಲಕ್ಕೆ ನಡೆದೆವು. ಮೇಲಿನ ಅರ್ಧಕ್ಕಿಂತ ಕೆಳಗಿನ ಅರ್ಧದಲ್ಲಿ ರಾಗಿ ತುಸು ಬಡಕಲಾಗಿತ್ತು. ಅಲ್ಲಿನ ಅಕ್ಕಡಿ ಸಾಲುಗಳು ಬೈತಲೆ ತೆಗೆದಂತೆ ಬರಿದಾಗಿದ್ದವು. ನಾನು ಒಂದು ಸಾಲು ಹಿಡಿದು ಮೇಲಕ್ಕೆ ನಡೆದೆ. ಹೊಲದ ಮಧ್ಯಕ್ಕೆ ಬರುತ್ತಿದ್ದಂತೆ ಅದೇ ಸಾಲಿನಲ್ಲಿ ಅವರೆ ಗಿಡ ಕಾಣಿಸಿತು. ಮುಂದೆಲ್ಲ ಹಸಿರು. ಪಕ್ಕದ ಸಾಲೂ ಹಾಗೆಯೇ, ಅದರ ಪಕ್ಕದ್ದೂ ಹಾಗೆಯೇ. ಎಲ್ಲ ಸಾಲುಗಳೂ ಒಂದೇ ಗೆರೆಯಿಂದ ಕೆಳಕ್ಕೆ ಸತ್ತಿದ್ದವು.

"ಮೇಲಕ್ಕೂ ಕೆಳಕ್ಕೂ ಇದೇ ಬೀಜ ತಾನೇ ದೊಡ್ಡಮ್ಮ?"

ಅವರು ಆ ಗೆರೆಯ ಗುಂಟ ನಡೆದು ನೋಡಿದರು. "ಸತ್ತಿದ್ದೇ ನೋಡ್ಕಂಡು ಕೂತಿದ್ದೆ, ಬದುಕಿದ್ದು ನೋಡ್ಲೇ ಇಲ್ಲ. ಹೋದ ವರ್ಷ ಇಲ್ಲಿಂದ ಕೆಳಕ್ಕೆ ರುದ್ರಣ್ಣನಿಗೆ ಗುತ್ತಿಗೆ ಕೊಟ್ಟಿದ್ದೆ ಕಣೇ."

ಪಕ್ಕದ ತೋಟದಲ್ಲಿ ಬಿದ್ದ ತೆಂಗಿನಕಾಯಿ ಆಯುತ್ತಿದ್ದ ರುದ್ರಣ್ಣನನ್ನು ಕೂಗಿ ಕರೆದರು. ಮುಸುಕಿನ ಜೋಳಕ್ಕೆ ಕಳೆ ಔಷಧಿ ಹೊಡೆದದ್ದನ್ನು ಅವನು ಮುಚ್ಚಿಡಲಿಲ್ಲ.

"ಎಷ್ಟು ಹಾಕ್ದೆ?"

"ಪುಡಿ ಕಣಕ್ಕ. ತಕ್ಕಡಿ ಎಲ್ಲಿ ತರನ? ಟ್ಯಾಂಕಿಗೆ ಅರ್ಧ ಕರಟ. ಜೋಳಕ್ಕೆ ಏನೂ ಆಗ್ಲಿಲ್ಲ, ಕಳೆ ಮಾತ್ರ ಸುಟ್ಟೋಯ್ತು. ಒಳ್ಳೇ ಔಷಧಿ ಅಂದ್ಕಂಡೆ."

"ಎಣ್ಣೆ ಅಳೆಯೋ ಕರಟದಲ್ಲಿ ವಿಷ ಅಳೆದ್ಯೇನ್ಲಾ!"

"ಮುಂದಕ್ಕೂ ಜೋಳಾನೇ ಹಾಕಿ ಅಂತ ಅಂಗಡಿಯವ್ರು ಅಂದಿದ್ರು. ಯಾಕೆ ಅಂತ ನಾನು ಕೇಳ್ಲಿಲ್ಲ. ಮಳೆಗೆ ತೊಳ್ಕಂಡು ಹೋಗಿರ್ತದೆ ಅಂತ..."

"ಹೋದ ವರ್ಷ ಮಳೆ ಎಲ್ಲಿ ಬಂತಪ್ಪ? ವಿಷ ಮಣ್ಣಲ್ಲೇ ಉಳ್ಕಂಡದೆ," ಎಂದರು ದೊಡ್ಡಮ್ಮ. ಅವರ ದನಿ ತಗ್ಗಿತ್ತು. ರುದ್ರಣ್ಣ ತಲೆ ತಗ್ಗಿಸಿ ಕಾಲಿನಿಂದ ಹೆಂಟೆ ಒಡೆಯುತ್ತ ನಿಂತ.

ನಾನು ಚೀಲ ಮುಂದಿಟ್ಟೆ. ಬಿತ್ತಲು ಹದವಿತ್ತು, ಕಾಲವೂ ಮೀರಿರಲಿಲ್ಲ. ದೊಡ್ಡಮ್ಮ ಚೀಲದ ಬಾಯಿ ಬಿಚ್ಚಿ ಕಾಳನ್ನು ಅಂಗೈಗೆ ಸುರಿದುಕೊಂಡು ಮೂಸಿ ನೋಡಿ, ಮತ್ತೆ ಒಳಗೆ ಹಾಕಿದರು. "ಗೊತ್ತಿಲ್ದೆ ಒಂದ್ಸಲ ಹಾಕ್ದೆ. ಗೊತ್ತಿದ್ದೂ ಇದೇ ಮಣ್ಣಿಗೆ ಬೀಜ ಹಾಕಿದ್ರೆ ಏನಂತಾರೆ? ಬೇಡ. ವಾಪಸ್ ತಗಂಡು ಹೋಗು. ಒಂದು ಹಿಡಿ ಇಟ್ಕೋತೀನಿ."

ಸಂಜೆ ಅವರೇ ಫೋನ್ ಹಚ್ಚಿದರು. ನಾನು ಪಕ್ಕದಲ್ಲೇ ಇದ್ದೆ.

"ಶಾಂತೀ, ನಾನು ಕಣೇ. ನಿನ್ ಬೀಜದ್ದಲ್ಲ, ನಮ್ ಮಣ್ಣಿಂದು."

ಆ ಕಡೆಯಿಂದ ಚಿಕ್ಕಮ್ಮನ ದನಿ: "ಉಂಡ್ಯಾ ಅಕ್ಕಾ?"

"ಹೂಂ. ನೀನು?"

"ಮಣ್ಣು ಸರಿ ಹೋಗ್ತದಾ?"

ದೊಡ್ಡಮ್ಮ ಹೊಲದ ಕಡೆ ನೋಡಿದರು. "ಮಣ್ಣನ್ನೇ ಕೇಳ್ಬೇಕು ತಡಿ," ಎಂದರು.

ಭಾನುವಾರ ಬೆಳಿಗ್ಗೆ ಎಂಟರ ಬಸ್ಸಿಗೆ ರಸ್ತೆಗೆ ಬಂದೆ. ಬಸ್ಸು ಕಾಯುತ್ತ ನಿಂತಲ್ಲಿಂದ ಹೊಲ ಹತ್ತಿರದಲ್ಲೇ ಕಾಣುತ್ತಿತ್ತು. ದೊಡ್ಡಮ್ಮ ಒಡಕು ಬಕೆಟ್ಟಿಗೆ ಬರಿದಾದ ಸಾಲಿನ ಮಣ್ಣು ತುಂಬುತ್ತಿದ್ದರು. ತುಂಬಿ, ಸೆರಗಿನ ಗಂಟು ಬಿಚ್ಚಿ, ಬೆರಳಿನಿಂದ ಒಂದೊಂದೇ ಕಾಳು ಒತ್ತಿದರು. ಆಮೇಲೆ ಎದ್ದು ಹೋಗಲಿಲ್ಲ. ಅಷ್ಟರಲ್ಲೇ ಮೊಳಕೆ ಕಾಣುತ್ತದೇನೋ ಎಂಬಂತೆ ಆ ಬಕೆಟ್ಟಿನ ಮುಂದೆಯೇ ಕುಕ್ಕುರುಗಾಲಲ್ಲಿ ಕೂತಿದ್ದರು.